ಗೆರೆಯಿಂದ ಗೆರೆಗೆ 200 ಮೀಟರ್: ಸಮತಟ್ಟು ರಸ್ತೆಯಲ್ಲಿ ಸೈಕಲ್ ಸ್ಪ್ರಿಂಟ್ ವೇಗವನ್ನು ಅಳೆಯುವ, ಹೆಚ್ಚಿಸಿಕೊಳ್ಳುವ ಬಗೆ

ಕಲಬುರಗಿಯಿಂದ ಸೇಡಂ ಕಡೆಗೆ ಹೋಗುವ ರಸ್ತೆಯಲ್ಲಿ ವಿಶ್ವವಿದ್ಯಾಲಯವನ್ನೂ ವಿಮಾನ ನಿಲ್ದಾಣವನ್ನೂ ದಾಟಿದ ಮೇಲೆ ಎರಡೂ ಬದಿಗೆ ಎರೆಹೊಲಗಳು ತೆರೆದುಕೊಳ್ಳುತ್ತವೆ. ಭಾನುವಾರ ಮುಂಜಾನೆ ನಮ್ಮ ಸಣ್ಣ ಗುಂಪು ಅಲ್ಲಿ ನೀರು ಕುಡಿಯಲು ನಿಲ್ಲುತ್ತದೆ. ಹೋದ ಚಳಿಗಾಲದಲ್ಲಿ ಹೀಗೆ ನಿಂತಿದ್ದಾಗ, ನಮ್ಮೊಂದಿಗೆ ಬರುವ ಡಿಗ್ರಿ ಓದುವ ಹುಡುಗನೊಬ್ಬ ಏದುಸಿರು ಬಿಡುತ್ತಲೇ ಫೋನನ್ನು ನನ್ನ ಮುಂದೆ ಹಿಡಿದು, "ಅಣ್ಣಾ, ನೋಡ್ರಿ, ಐವತ್ತೆಂಟು ಹೊಡ್ದೀನಿ!" ಎಂದ. ಪರದೆಯ ಮೇಲೆ ಗರಿಷ್ಠ ವೇಗ ಗಂಟೆಗೆ 58 ಕಿ.ಮೀ. ಎಂದೇ ಇತ್ತು. "ಬಾ ತಮ್ಮಾ, ಒಮ್ಮೆ ಗೆರೆಯಿಂದ ಗೆರೆಗಿ ಹೊಡದು ನೋಡೂಣು" ಎಂದು ಅವನನ್ನು ಪಕ್ಕದ ಹಳ್ಳಿಯ ರಸ್ತೆಗೆ ಕರೆದುಕೊಂಡು ಹೋದೆ. ಅಲ್ಲಿ ನಾವು ಮೊದಲೇ ಅಳೆದು ಗುರುತು ಮಾಡಿಟ್ಟ 200 ಮೀಟರಿನ ಒಂದು ತುಂಡು ದಾರಿಯಿದೆ. ಅದನ್ನು ಅವನು ಹೋಗುವಾಗ 15.2 ಸೆಕೆಂಡಿನಲ್ಲೂ ತಿರುಗಿ ಬರುವಾಗ 17.6 ಸೆಕೆಂಡಿನಲ್ಲೂ ದಾಟಿದ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದಾಗ ಬಂದ ವೇಗ ಗಂಟೆಗೆ 43.9 ಕಿ.ಮೀ.

ಹುಡುಗನ ಮುಖ ಬಾಡಿತು. ಆದರೆ ಸೈಕಲ್ ಹಿಡಿದು ಒಂದೇ ವರ್ಷವಾಗಿದ್ದ ಅವನಿಗೆ 43.9 ನಿಜಕ್ಕೂ ಒಳ್ಳೆಯ ವೇಗ. 58 ಎಂಬುದು ಬೆನ್ನ ಹಿಂದಿನ ಗಾಳಿ ಮತ್ತು ಫೋನಿನ ಜಿಪಿಎಸ್ ಸೇರಿ ಕೊಟ್ಟ ಅಂಕಿ. ಹವ್ಯಾಸಿ ಸವಾರನೊಬ್ಬ ಸಮತಟ್ಟಿನಲ್ಲಿ ಎಷ್ಟು ವೇಗವಾಗಿ ಹೋಗಬಲ್ಲ ಎಂಬ ಪ್ರಶ್ನೆಗೆ ಸಿಗುವ ಉತ್ತರಗಳಲ್ಲಿ ಹೆಚ್ಚಿನವು ಇಂಥ ಅಂಕಿಗಳೇ ಆಗಿರುವುದರಿಂದ, ವೇಗ ಹೆಚ್ಚಿಸಿಕೊಳ್ಳುವ ಮಾತಿಗಿಂತ ಮೊದಲು ಅದನ್ನು ಸರಿಯಾಗಿ ಅಳೆಯುವ ಮಾತನ್ನು ಆಡಬೇಕು. ಅಳತೆ ಗಟ್ಟಿಯಾಗಿದ್ದರೆ ಮಾತ್ರ ಆರು ವಾರದ ಶ್ರಮಕ್ಕೆ ಫಲ ಬಂತೋ ಇಲ್ಲವೋ ಎಂದು ಹೇಳಲು ಬರುತ್ತದೆ.

ದಾರಿಯನ್ನು ಆರಿಸುವುದು

ನಮ್ಮ ಕಡೆಯ ನೆಲ ನೋಡಲು ಚಪ್ಪಟೆ. ಆದರೆ ಕಣ್ಣಿಗೆ ಚಪ್ಪಟೆಯಾಗಿ ಕಂಡದ್ದೆಲ್ಲ ಸೈಕಲ್ಲಿಗೆ ಚಪ್ಪಟೆಯಲ್ಲ. ನೂರು ಮೀಟರಿಗೆ ಅರ್ಧ ಮೀಟರ್ ಏರಿದರೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ಇದ್ದಾಗ, ಗಂಟೆಗೆ 50 ಕಿ.ಮೀ. ವೇಗದಲ್ಲಿ ಆ ಏರಿಗೆ ಸುಮಾರು 54 ವ್ಯಾಟ್ ಹೆಚ್ಚು ಶಕ್ತಿ ಬೇಕು. ಟಯರಿನ ಉರುಳುವಿಕೆಗೆ ಒಟ್ಟು ಖರ್ಚಾಗುವುದೂ ಹೆಚ್ಚುಕಡಿಮೆ ಅಷ್ಟೇ. ಮಳೆ ಬಂದ ಮರುದಿನ ಹೋಗಿ ರಸ್ತೆಯ ಬದಿಯಲ್ಲಿ ನೀರು ಯಾವ ಕಡೆಗೆ ಹರಿದಿದೆ ಎಂದು ನೋಡಿದರೆ ಇಳಿಜಾರಿನ ದಿಕ್ಕು ತಿಳಿಯುತ್ತದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅದರ ಮೇಲೆ ಹಾಕಿದ ಡಾಂಬರು ಅಲೆಅಲೆಯಾಗಿ ಕುಸಿಯುವುದುಂಟು. ಹಾಗಾಗಿ ಹೋದ ವರ್ಷ ಚೆನ್ನಾಗಿದ್ದ ತುಂಡು ಈ ವರ್ಷವೂ ಚೆನ್ನಾಗಿರುತ್ತದೆ ಎಂದು ನಂಬದೆ, ಪ್ರತಿ ಸಲ ಮೊದಲು ನಿಧಾನವಾಗಿ ಒಮ್ಮೆ ಹೋಗಿ ಬರಬೇಕು.

ಮುಖ್ಯ ರಸ್ತೆಗಳಲ್ಲಿ ಸ್ಪ್ರಿಂಟ್ (ಪೂರ್ತಿ ಬಲದ ಸಣ್ಣ ಓಟ) ಮಾಡಬೇಡಿ ಎಂದು ಕೈ ಮುಗಿದು ಹೇಳುತ್ತೇನೆ. ಸೇಡಂ, ಮಳಖೇಡ, ವಾಡಿ ಕಡೆಯ ಸಿಮೆಂಟ್ ಲಾರಿಗಳು ನಸುಕಿನಲ್ಲೂ ಓಡುತ್ತಿರುತ್ತವೆ. ಆಳಂದ, ಅಫಜಲಪುರ, ಜೇವರ್ಗಿ ಭಾಗದಲ್ಲಿ ಕಬ್ಬು ಕಡಿಯುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹಿಂದೀಪವಿಲ್ಲದೆ ಬರುತ್ತವೆ. ಸ್ಪ್ರಿಂಟ್ ಮಾಡುವಾಗ ತಲೆ ತಗ್ಗಿರುತ್ತದೆ, ಸೈಕಲ್ ಎಡಕ್ಕೂ ಬಲಕ್ಕೂ ಓಲುತ್ತದೆ, ಬ್ರೇಕ್ ಹಿಡಿಯಲು ಅರ್ಧ ಕ್ಷಣ ತಡವಾಗುತ್ತದೆ. ಎರಡು ಹಳ್ಳಿಗಳ ನಡುವಿನ, ನೇರವಾಗಿ ಮುಕ್ಕಾಲು ಕಿಲೋಮೀಟರು ಕಣ್ಣಿಗೆ ಕಾಣುವ, ಮಧ್ಯದಲ್ಲಿ ಹೊಲದ ದಾರಿ ಬಂದು ಕೂಡದ, ಹಂಪು ಇಲ್ಲದ ರಸ್ತೆ ಹುಡುಕಿ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಯ ಕಾಲಕ್ಕೆ ಇಂಥ ರಸ್ತೆಗಳ ಮೇಲೆಯೇ ಬೆಳೆಯನ್ನು ಒಣಹಾಕಿರುತ್ತಾರೆ. ಒಣಗಿದ ತೊಗರಿ ಕಟ್ಟಿಗೆಯ ಮೇಲೆ 25 ಮಿ.ಮೀ. ಅಗಲದ ಟಯರು ಜಾರಿದರೆ ಉಳಿಯುವುದು ಕಷ್ಟ. ಆ ತಿಂಗಳುಗಳಲ್ಲಿ ಬೇರೆ ರಸ್ತೆ ನೋಡಿಕೊಳ್ಳಬೇಕೇ ಹೊರತು ರೈತರ ರಾಶಿಯನ್ನು ಸರಿಸಲು ಹೋಗಬಾರದು; ವರ್ಷದ ಬೆಳೆ ಅದು.

ಇನ್ನೂರು ಮೀಟರನ್ನು ಅಳೆಯುವುದು

ಹೆದ್ದಾರಿಗಳಲ್ಲಿ ಎರಡು ಕಿಲೋಮೀಟರು ಕಲ್ಲುಗಳ ನಡುವೆ 2, 4, 6, 8 ಎಂದು ಬರೆದ ಸಣ್ಣ ಕಲ್ಲುಗಳನ್ನು ನೀವು ನೋಡಿರಬಹುದು. ಅವು 200 ಮೀಟರಿಗೊಂದರಂತೆ ನೆಟ್ಟ ಕಲ್ಲುಗಳು. ನಾನು ಈ ಅಭ್ಯಾಸವನ್ನು ಕಲಿತದ್ದೇ ಅವುಗಳ ನೆರವಿನಿಂದ. ಆದರೆ ರಸ್ತೆ ಅಗಲ ಮಾಡುವಾಗ ಕಲ್ಲುಗಳು ಕಿತ್ತುಹೋಗಿ ಮತ್ತೆಲ್ಲೋ ನಿಲ್ಲುವುದರಿಂದ ಅವುಗಳನ್ನು ಪೂರ್ತಿ ನಂಬುವಂತಿಲ್ಲ. ಹಳ್ಳಿಯ ರಸ್ತೆಗಳಲ್ಲಿ ಅವು ಇರುವುದೂ ಇಲ್ಲ. ಅದಕ್ಕಿಂತ ಒಳ್ಳೆಯ ಅಳತೆಗೋಲು ನಿಮ್ಮ ಸೈಕಲ್ಲಿನ ಮುಂದಿನ ಗಾಲಿ.

ಮನೆಯ ಅಂಗಳದ ಶಹಾಬಾದ ಕಲ್ಲಿನ ಮೇಲೆ ಗಾಲಿಯ ವಾಲ್ವ್ ಸರಿಯಾಗಿ ಕೆಳಗೆ ಬರುವಂತೆ ನಿಲ್ಲಿಸಿ, ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಸೈಕಲ್ಲನ್ನು ಕೈಯಲ್ಲಿ ನೂಕುತ್ತ, ವಾಲ್ವ್ ಮತ್ತೆ ಕೆಳಗೆ ಬರುವವರೆಗೆ ಮುಂದೆ ಉರುಳಿಸಿ ಇನ್ನೊಂದು ಗುರುತು ಹಾಕಿ. ಕುಳಿತು ಅಳೆಯಬಾರದು, ಏಕೆಂದರೆ ಮೈಭಾರಕ್ಕೆ ಟಯರು ಒತ್ತಿಕೊಂಡು ಸುತ್ತಳತೆ ಸ್ವಲ್ಪ ಕಡಿಮೆಯಾಗುತ್ತದೆ; ರಸ್ತೆಯನ್ನು ಅಳೆಯುವಾಗಲೂ ನೂಕುತ್ತಲೇ ಹೋಗುತ್ತೇವೆ. ರೋಡ್ ಸೈಕಲ್ಲಿನ 25 ಮಿ.ಮೀ. ಟಯರಿಗೆ ಇದು ಸುಮಾರು 2.105 ಮೀಟರ್ ಬರುತ್ತದೆ. ಹಾಗಿದ್ದರೆ 95 ಸುತ್ತಿಗೆ ಸರಿಯಾಗಿ 200 ಮೀಟರ್. ಆರಿಸಿದ ರಸ್ತೆಯಲ್ಲಿ ಸೈಕಲ್ಲನ್ನು ಕೈಯಲ್ಲಿ ನೂಕುತ್ತ, ವಾಲ್ವ್ ಎಣಿಸುತ್ತ 95 ಸುತ್ತು ನಡೆದು, ಎರಡೂ ತುದಿಗೆ ರಸ್ತೆಯ ಅಂಚಿನಲ್ಲಿ ಸುಣ್ಣದ ಗೆರೆ ಎಳೆಯಿರಿ. ಎಣಿಕೆ ತಪ್ಪುವುದು ಸಹಜವಾದ್ದರಿಂದ ನಾನು ಪ್ರತಿ ಹತ್ತು ಸುತ್ತಿಗೆ ಒಂದು ಶೇಂಗಾ ಕಾಳನ್ನು ಎಡಗಿಸೆಯಿಂದ ಬಲಗಿಸೆಗೆ ಹಾಕುತ್ತೇನೆ. ಗೆರೆ ಅಳಿಸಿಹೋದರೂ ಜಾಗ ಸಿಗಲೆಂದು ಹತ್ತಿರದ ಬೇವಿನ ಮರವನ್ನೋ ಕರೆಂಟಿನ ಕಂಬವನ್ನೋ ನೆನಪಿಟ್ಟುಕೊಳ್ಳಿ.

ಸಮಯ ಹಿಡಿಯಲು ಇಬ್ಬರು ಬೇಕು. ಮೊದಲ ಗೆರೆಯಲ್ಲಿ ನಿಂತವರು ಬಿಳಿ ಟವೆಲ್ಲನ್ನು ಮೇಲೆತ್ತಿ ಹಿಡಿದು, ನಿಮ್ಮ ಮುಂದಿನ ಗಾಲಿ ಗೆರೆ ಮುಟ್ಟಿದ ಕೂಡಲೇ ಕೆಳಗಿಳಿಸುತ್ತಾರೆ. ಎರಡನೆಯ ಗೆರೆಯಲ್ಲಿ ನಿಂತವರು ಟವೆಲ್ ಇಳಿದಾಗ ಫೋನಿನ ಸ್ಟಾಪ್‌ವಾಚ್ ಒತ್ತಿ, ನೀವು ತಮ್ಮ ಮುಂದಿನ ಗೆರೆ ದಾಟಿದಾಗ ನಿಲ್ಲಿಸುತ್ತಾರೆ. ಕೈಯ ಅಳತೆಯಲ್ಲಿ 0.3 ಸೆಕೆಂಡಿನಷ್ಟು ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. 50ರ ವೇಗದಲ್ಲಿ ಅದು ಗಂಟೆಗೆ ಒಂದು ಕಿ.ಮೀ. ವ್ಯತ್ಯಾಸಕ್ಕೆ ಸಮ. ಅದರಿಂದ 46.2 ಆದದ್ದು 46.6 ಆಯಿತೆಂದು ಹಿಗ್ಗುವುದಕ್ಕೆ ಅರ್ಥವಿಲ್ಲ. ಒಬ್ಬರೇ ಇದ್ದರೆ ಹ್ಯಾಂಡಲ್ಲಿಗೆ ಫೋನನ್ನು ಭದ್ರವಾಗಿ ಕಟ್ಟಿ, ಮುಂದಿನ ಗಾಲಿಯೂ ರಸ್ತೆಯೂ ಕಾಣುವಂತೆ ವಿಡಿಯೊ ತೆಗೆದು, ಮನೆಗೆ ಬಂದು ಗಾಲಿ ಗೆರೆ ಮುಟ್ಟುವ ಎರಡು ಚಿತ್ರಗಳನ್ನು ಹುಡುಕಬಹುದು. ಸೆಕೆಂಡಿಗೆ 30 ಚಿತ್ರ ತೆಗೆಯುವ ಫೋನಿನಲ್ಲಿ ಈ ಅಳತೆ ಕೈಯ ಅಳತೆಗಿಂತ ಬಹಳ ನಿಖರ.

ಲೆಕ್ಕ ಸುಲಭ. ಒಂದು ಕಡೆಯ ವೇಗಕ್ಕೆ 720ನ್ನು ಸೆಕೆಂಡುಗಳಿಂದ ಭಾಗಿಸಿ. 18 ಸೆಕೆಂಡಿಗೆ 40, 16ಕ್ಕೆ 45, 14.4ಕ್ಕೆ 50, 12ಕ್ಕೆ 60. ನಿಮ್ಮ ನಿಜವಾದ ವೇಗಕ್ಕೆ ಹೋಗುವ ಮತ್ತು ಬರುವ ಎರಡೂ ಸಮಯಗಳನ್ನು ಕೂಡಿಸಿ, 1440ನ್ನು ಆ ಮೊತ್ತದಿಂದ ಭಾಗಿಸಿ. ಎರಡರ ನಡುವೆ ಎಂಟು ಹತ್ತು ನಿಮಿಷ ವಿಶ್ರಾಂತಿ ಇರಲಿ, ಇಲ್ಲದಿದ್ದರೆ ಎರಡನೆಯದರಲ್ಲಿ ಅಳೆಯುವುದು ನಿಮ್ಮ ದಣಿವನ್ನು.

ಎರಡೂ ದಿಕ್ಕಿಗೆ ಅಳೆಯಬೇಕೆಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಗಾಳಿ. ಗಾಳಿಯೇ ಇಲ್ಲದ ದಿನ ಗಂಟೆಗೆ 50 ಕಿ.ಮೀ. ಕಾಯ್ದುಕೊಳ್ಳುವಷ್ಟು ಶಕ್ತಿ ಹಾಕುವ ಸವಾರ, ಗಂಟೆಗೆ 10 ಕಿ.ಮೀ. ಗಾಳಿ ಬೆನ್ನಿಗಿದ್ದರೆ ಅದೇ ಶಕ್ತಿಯಲ್ಲಿ 56ನ್ನು ದಾಟುತ್ತಾನೆ. ಅದೇ ಗಾಳಿ ಎದುರಿಗಿದ್ದರೆ 44ಕ್ಕೆ ಇಳಿಯುತ್ತಾನೆ. ಹತ್ತು ಕಿ.ಮೀ. ಗಾಳಿಯೆಂದರೆ ಜೋಳದ ಎಲೆ ಅಲುಗಾಡುವಷ್ಟು, ನಿಂತವರ ಮುಖಕ್ಕೆ ಮೆಲ್ಲಗೆ ತಾಕುವಷ್ಟು. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಪಡುವಣ ಗಾಳಿ ಬಲವಾಗಿ ಬೀಸುತ್ತದೆ. ಆಗ ಸೇಡಂ ದಿಕ್ಕಿಗೆ ಹೋಗುವಾಗ ಎಲ್ಲರೂ ವೇಗದ ಸವಾರರೇ; ಊರಿಗೆ ತಿರುಗಿದಾಗ ಅದೇ ಜನ ಹ್ಯಾಂಡಲ್ ಮೇಲೆ ಬಾಗಿ ನರಳುತ್ತಿರುತ್ತಾರೆ. ಬೆಳಗಿನ ಜಾವ, ಸೂರ್ಯ ಹುಟ್ಟಿದ ಮೊದಲ ಗಂಟೆಯಲ್ಲಿ ಗಾಳಿ ಸಾಮಾನ್ಯವಾಗಿ ಮಂದವಾಗಿರುತ್ತದೆ. ಅಳತೆಗೆ ಅದೇ ಹೊತ್ತು.

ಹಾಗಾದರೆ ಎಷ್ಟು ವೇಗ ಸಾಧ್ಯ?

ವೇಗ ಏರಿದಂತೆ ಗಾಳಿಯ ತಡೆಗೆ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಬೆಚ್ಚನೆಯ ಗಾಳಿಯಲ್ಲಿ, ಸೈಕಲ್ ಸೇರಿ 80 ಕಿಲೋ ತೂಗುವ, ಮಧ್ಯಮ ಮೈಕಟ್ಟಿನ, ಬ್ರೇಕ್ ಹಿಡಿಕೆಯ ಮೇಲೆ ಕೈಯಿಟ್ಟು ಕುಳಿತ ಸವಾರನಿಗೆ ನಾನು ಲೆಕ್ಕ ಹಾಕಿದ ಅಂದಾಜು ಹೀಗಿದೆ: ಗಂಟೆಗೆ 40 ಕಿ.ಮೀ. ಕಾಯ್ದುಕೊಳ್ಳಲು ಸುಮಾರು 295 ವ್ಯಾಟ್, 45ಕ್ಕೆ 405, 50ಕ್ಕೆ 540, 55ಕ್ಕೆ 710, 60ಕ್ಕೆ 905. ನಲವತ್ತರಿಂದ ನಲವತ್ತೈದಕ್ಕೆ ಹೋಗಲು 110 ವ್ಯಾಟ್ ಸಾಕಾದರೆ, ಐವತ್ತೈದರಿಂದ ಅರವತ್ತಕ್ಕೆ ಹೋಗಲು ಸುಮಾರು 200 ಬೇಕು. ಇದು ಆ ವೇಗದಲ್ಲಿ ಉಳಿಯುವುದಕ್ಕೆ ಮಾತ್ರ. ಆ ವೇಗವನ್ನು ಮುಟ್ಟುವುದಕ್ಕೆ ಬೇರೆಯೇ ಖರ್ಚಿದೆ: 35ರಿಂದ 50ಕ್ಕೆ ಹತ್ತು ಸೆಕೆಂಡಿನಲ್ಲಿ ಏರಬೇಕೆಂದರೆ ಗಾಳಿಯ ತಡೆಯ ಮೇಲೆ ಇನ್ನೂ ಸುಮಾರು 390 ವ್ಯಾಟ್ ಹಾಕಬೇಕಾಗುತ್ತದೆ.

ಈ ಲೆಕ್ಕವನ್ನೂ ನಮ್ಮ ಗುಂಪಿನ ವಹಿಯಲ್ಲಿನ ಅಂಕಿಗಳನ್ನೂ ಎದುರುಬದುರು ಇಟ್ಟು ನೋಡಿದರೆ ನನಗೆ ಅನಿಸುವುದಿಷ್ಟು. ಆರೋಗ್ಯವಂತ ಹೊಸ ಸವಾರ ಎರಡೂ ದಿಕ್ಕಿನ ಸರಾಸರಿಯಲ್ಲಿ 37ರಿಂದ 42ರ ಒಳಗೆ ಬರುತ್ತಾನೆ. ಒಂದೆರಡು ವರ್ಷ ಕ್ರಮವಾಗಿ ತುಳಿದವರು 43ರಿಂದ 48ರವರೆಗೆ ಹೋಗುತ್ತಾರೆ. ಯಾರ ಗಾಲಿಯ ಹಿಂದೆಯೂ ಅಡಗದೆ 200 ಮೀಟರಿನ ಸರಾಸರಿಯಲ್ಲಿ 50 ದಾಟಿದ ಹವ್ಯಾಸಿ ಸವಾರ ಚೆನ್ನಾಗಿ ತಯಾರಾದವನೆಂದು ತಿಳಿಯಬೇಕು. 55 ಎಂದರೆ ಹುಟ್ಟಿನಿಂದಲೇ ಬಂದ ಸ್ನಾಯುಬಲವೂ ಬೇಕು. ಒಬ್ಬನೇ, ಗಾಳಿಯಿಲ್ಲದೆ, ಸಮತಟ್ಟಿನಲ್ಲಿ 60 ಅಪರೂಪ. ಹೋಲಿಕೆಗೆ ಹೇಳುವುದಾದರೆ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೆದರ್ಲೆಂಡ್ಸ್‌ನ ಹ್ಯಾರಿ ಲಾವ್ರೈಸೆನ್ 200 ಮೀಟರನ್ನು 9.088 ಸೆಕೆಂಡಿನಲ್ಲಿ ಮುಗಿಸಿ ಆಗಿನ ವಿಶ್ವದಾಖಲೆ ಬರೆದರು, ಅಂದರೆ ಗಂಟೆಗೆ 79 ಕಿ.ಮೀ.ಗಿಂತ ಹೆಚ್ಚು. ಅದು ಒಳಾಂಗಣದ ಮರದ ಟ್ರ್ಯಾಕ್. ಇಳಿಜಾರಾದ ತಿರುವಿನ ಮೇಲ್ಭಾಗದಿಂದ ಕೆಳಕ್ಕೆ ಧುಮುಕಿ ಓಟ ಶುರುವಾಗುತ್ತದೆ. ಟೂರ್ ಡಿ ಫ್ರಾನ್ಸ್‌ನ ಸಮತಟ್ಟು ಹಂತಗಳ ಕೊನೆಯಲ್ಲಿ ಕಾಣುವ 65, 70ರ ವೇಗ ಕೂಡ ತಂಡದವರ ಬೆನ್ನ ಹಿಂದೆ ಗಾಳಿ ತಪ್ಪಿಸಿಕೊಂಡು ಬಂದವರು ಕೊನೆಯ ಇನ್ನೂರು ಮೀಟರಿನ ಆಸುಪಾಸಿನಲ್ಲಿ ಹೊರಬಂದು ತೋರಿಸುವ ವೇಗ.

ಹೆಂಗಸರಿಗೂ ಸಣ್ಣ ಮೈಯವರಿಗೂ ಒಂದು ಮಾತು. ಏರು ದಾರಿಯಲ್ಲಿ ತೂಕಕ್ಕೆ ಎಷ್ಟು ಶಕ್ತಿ ಎಂಬುದು ಮುಖ್ಯ. ಸಮತಟ್ಟಿನಲ್ಲಿ ಮುಖ್ಯವಾಗುವುದು ಗಾಳಿಗೆ ಎದುರಾಗುವ ಮೈಯ ಅಗಲಕ್ಕೆ ಎಷ್ಟು ಶಕ್ತಿ ಎಂಬುದು. ಸಣ್ಣ ಮೈಗೆ ಶಕ್ತಿ ಕಡಿಮೆಯಿದ್ದರೂ ಗಾಳಿಯ ತಡೆಯೂ ಕಡಿಮೆಯಿರುವುದರಿಂದ, ವ್ಯಾಟ್ ಅಂಕಿ ನೋಡಿ ಹೆದರಿ ಹಿಂದೆ ಸರಿಯಬೇಡಿ. ಗೆರೆಯಿಂದ ಗೆರೆಗೆ ಹೊಡೆದು ನೋಡಿ.

ಮೈಯನ್ನು ತಗ್ಗಿಸುವುದು

ವೇಗ ಹೆಚ್ಚಿಸಿಕೊಳ್ಳುವ ಎಲ್ಲ ಉಪಾಯಗಳಲ್ಲಿ ಅತ್ಯಂತ ಅಗ್ಗದ್ದು, ಅತಿ ಬೇಗ ಫಲ ಕೊಡುವಂಥದ್ದು ಇದು. ಮೇಲಿನ ಲೆಕ್ಕದಲ್ಲಿ 540 ವ್ಯಾಟಿಗೆ 50 ಹೋದ ಸವಾರನೇ ಕೈಗಳನ್ನು ಹ್ಯಾಂಡಲ್ಲಿನ ಬಾಗಿದ ಕೆಳಭಾಗಕ್ಕೆ ಇಳಿಸಿ, ಮೊಣಕೈ ಮಡಿಸಿ, ಗದ್ದವನ್ನು ಹ್ಯಾಂಡಲ್ಲಿನ ಹತ್ತಿರಕ್ಕೆ ತಂದರೆ, ಅದೇ ಶಕ್ತಿಯಲ್ಲಿ 52.5ರ ಆಚೆಗೆ ಹೋಗಬಲ್ಲ. ಒಂದು ಬೆವರ ಹನಿಯನ್ನೂ ಹೆಚ್ಚು ಸುರಿಸದೆ ಎರಡೂವರೆ ಕಿಲೋಮೀಟರು ಬರುತ್ತದೆ. ನಮ್ಮ ಕಡೆ ಹೊಸಬರು ಹ್ಯಾಂಡಲ್ಲಿನ ಕೆಳಭಾಗವನ್ನು ಹಿಡಿಯುವುದೇ ಇಲ್ಲ. ಬೆನ್ನು ನೋಯುತ್ತದೆ, ಬ್ರೇಕ್ ಎಟುಕುವುದಿಲ್ಲ ಎನ್ನುತ್ತಾರೆ. ಬ್ರೇಕ್ ಎಟುಕದಿದ್ದರೆ ಹಿಡಿಕೆಯನ್ನು ಹತ್ತಿರಕ್ಕೆ ತರುವ ಸಣ್ಣ ಸ್ಕ್ರೂ ಹಲವು ಸೈಕಲ್ಲುಗಳಲ್ಲಿ ಇರುತ್ತದೆ, ಅದನ್ನು ತಿರುಗಿಸಿ ಸರಿಮಾಡಿಕೊಳ್ಳಬಹುದು. ಬೆನ್ನು ನೋವಿಗೆ ಔಷಧವೆಂದರೆ ದಿನವೂ ಐದೈದು ನಿಮಿಷ, ನಿಧಾನ ವೇಗದಲ್ಲೇ, ಕೆಳಗೆ ಹಿಡಿದು ಓಡಿಸುವ ರೂಢಿ. ತಲೆ ತಗ್ಗಿಸುವುದೆಂದರೆ ನೆಲ ನೋಡುವುದೆಂದು ಅರ್ಥವಲ್ಲ. ಹುಬ್ಬಿನ ಕೆಳಗಿನಿಂದ ಮುಂದಿನ ಐವತ್ತು ಮೀಟರು ಕಾಣುತ್ತಲೇ ಇರಬೇಕು.

ಎದ್ದು ನಿಂತು ತುಳಿಯಬೇಕೋ ಕುಳಿತೋ? ನಿಂತಾಗ ಮೈಭಾರವೂ ತೋಳುಗಳ ಸೆಳೆತವೂ ಪೆಡಲಿಗೆ ಸೇರುವುದರಿಂದ ಶಕ್ತಿ ಹೆಚ್ಚು ಬರುತ್ತದೆ, ಆದರೆ ಗಾಳಿಗೂ ಮೈ ಹೆಚ್ಚು ಸಿಗುತ್ತದೆ. ವೇಗ ಏರಿಸುವ ಮೊದಲ ಆರೇಳು ಸೆಕೆಂಡು ನಿಂತು, ಪೆಡಲ್ ಸರಾಗವಾಗಿ ತಿರುಗತೊಡಗಿದ ಮೇಲೆ ತಗ್ಗಿ ಕುಳಿತು ಮುಗಿಸುವುದೇ ಹೆಚ್ಚಿನ ಹವ್ಯಾಸಿಗಳಿಗೆ ಒಳ್ಳೆಯದೆಂದು ನನ್ನ ಅನುಭವ. ನಿಂತಾಗ ಬಲಗಾಲು ಒತ್ತುವ ಕ್ಷಣಕ್ಕೆ ಬಲಗೈ ಹ್ಯಾಂಡಲ್ಲನ್ನು ಮೇಲಕ್ಕೆ ಸೆಳೆಯಬೇಕು, ಎಡಗಾಲಿಗೆ ಎಡಗೈ. ಓಲಾಡಬೇಕಾದದ್ದು ಸೈಕಲ್, ಸವಾರನ ತಲೆ ಒಂದೇ ಗೆರೆಯಲ್ಲಿ ಸಾಗಬೇಕು.

ಗೇರಿನ ಆಯ್ಕೆ

ಎಲ್ಲಕ್ಕಿಂತ ದೊಡ್ಡ ಗೇರ್ ಹಾಕಿದರೆ ಎಲ್ಲಕ್ಕಿಂತ ಹೆಚ್ಚು ವೇಗ ಎಂಬ ನಂಬಿಕೆಯೇ ಬಹುತೇಕ ಸ್ಪ್ರಿಂಟುಗಳನ್ನು ಹಾಳುಮಾಡುತ್ತದೆ. ಮುಂದೆ 50 ಹಲ್ಲು, ಹಿಂದೆ 11 ಹಲ್ಲು ಇದ್ದಾಗ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 9.6 ಮೀಟರ್ ಹೋಗುತ್ತದೆ. ನಿಮಿಷಕ್ಕೆ 100 ಸುತ್ತು ತುಳಿದರೆ ಅದು ಗಂಟೆಗೆ 57 ಕಿ.ಮೀ. 45ರಲ್ಲಿ ಓಡುವ ಸವಾರ ಅದೇ ಗೇರಿನಲ್ಲಿ 78 ಸುತ್ತಿನಲ್ಲೇ ಹೂತುಹೋಗಿರುತ್ತಾನೆ. ಮೈಯ ಶಕ್ತಿ ಶಿಖರ ಮುಟ್ಟುವುದು ಸಾಮಾನ್ಯವಾಗಿ 100ರಿಂದ 120 ಸುತ್ತಿನ ನಡುವೆ. ಆದ್ದರಿಂದ 50ಕ್ಕೆ 14 ಹಲ್ಲಿನ ಗೇರಿನಿಂದ ಶುರುಮಾಡಿ: 110 ಸುತ್ತಿಗೆ ಅದು ಸುಮಾರು 49.5 ಕೊಡುತ್ತದೆ. ಕಾಲು ಬರಿದೇ ತಿರುಗುತ್ತಿದೆ ಅನಿಸಿದರೆ ಮಾತ್ರ 13ಕ್ಕೆ ಇಳಿಯಿರಿ. ಗೇರನ್ನು ಎದ್ದು ಬಲ ಹಾಕುವ ಮೊದಲೇ ಹಾಕಿಕೊಳ್ಳಬೇಕು; ಪೂರ್ತಿ ಬಲ ಹಾಕಿರುವಾಗ ಬದಲಿಸಿದರೆ ಚೈನ್ ಹಲ್ಲು ತಪ್ಪಿಸಿ ನೀವು ನೇರ ಸೀಟಿನ ಮುಂದಿನ ಅಡ್ಡ ಕೊಳವೆಯ (ಟಾಪ್ ಟ್ಯೂಬ್) ಮೇಲೆ ಬೀಳುವ ಅಪಾಯವಿದೆ.

ಸೈಕಲ್ ತಪಾಸಣೆ

ಎರಡು ವರ್ಷದ ಹಿಂದೆ ನಗರದ ಒಂದು ಅಂಗಡಿಯಲ್ಲಿ ಹ್ಯಾಂಡಲ್ ಟೇಪು ಬದಲಿಸಿಕೊಂಡು ಬಂದ ಮರುದಿನವೇ ನಾನು ಸ್ಪ್ರಿಂಟ್ ಮಾಡಿದೆ. ಎದ್ದು ನಿಂತು ಮೂರನೆಯ ಸಲ ಹ್ಯಾಂಡಲ್ಲನ್ನು ಸೆಳೆದಾಗ ಅದು ಕೈಯೊಳಗೇ ತಿರುಗಿ ಕೆಳಕ್ಕೆ ಬಿತ್ತು. ಹ್ಯಾಂಡಲ್ಲನ್ನು ಸೈಕಲ್ಲಿಗೆ ಹಿಡಿದಿಡುವ ಸ್ಟೆಮ್ಮಿನ ನಾಲ್ಕು ಬೋಲ್ಟುಗಳಲ್ಲಿ ಎರಡನ್ನು ಬಿಗಿದಿರಲೇ ಇಲ್ಲ. ಎದೆ ಸ್ಟೆಮ್ಮಿಗೆ ಬಡಿಯಿತು, ಮುಂದಿನ ಗಾಲಿ ರಸ್ತೆಯಂಚು ದಾಟಿ ಎರೆಮಣ್ಣಿಗೆ ಇಳಿಯಿತು, ಅಲ್ಲಿ ನೆಲ ಮೆತ್ತಗಿದ್ದದ್ದರಿಂದ ಮೊಣಕಾಲಿನ ಚರ್ಮ ಹೋದದ್ದು ಬಿಟ್ಟರೆ ಬೇರೆ ಪೆಟ್ಟಾಗಲಿಲ್ಲ. ಅಂದಿನಿಂದ ಯಾರು ಬಿಗಿದಿದ್ದರೂ ನಾನೇ ಮತ್ತೊಮ್ಮೆ ಅಲೆನ್ ಕೀ ಹಿಡಿದು ನೋಡುತ್ತೇನೆ. ಎಷ್ಟು ಬಿಗಿಯಬೇಕೆಂಬುದು ಹಲವು ಸ್ಟೆಮ್ಮುಗಳ ಮೇಲೆ ಮುದ್ರಿತವಾಗಿರುತ್ತದೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರಿನ ಆಸುಪಾಸು. ಮುಂದಿನ ಗಾಲಿಯನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ಲನ್ನು ಜೋರಾಗಿ ಕೆಳಕ್ಕೂ ಪಕ್ಕಕ್ಕೂ ಒತ್ತಿ ನೋಡುವುದು ಅರ್ಧ ನಿಮಿಷದ ಕೆಲಸ. ಗಾಲಿಯನ್ನು ಬಿಗಿದಿಡುವ ಕ್ವಿಕ್ ರಿಲೀಸ್ ಹಿಡಿಕೆ, ಸವೆದ ಚೈನ್, ಟಯರಿನೊಳಗೆ ಸೇರಿದ ಜಾಲಿ ಮುಳ್ಳು, ಇವನ್ನೂ ಅದೇ ಹೊತ್ತಿಗೆ ನೋಡಿಕೊಳ್ಳಿ.

ಟಯರಿನ ಗಾಳಿಯನ್ನು ಮನೆಯಲ್ಲಿ ತಂಪು ಹೊತ್ತಿನಲ್ಲಿ ಹೊಡೆದು ಬಂದಿದ್ದರೆ, ಬಿಸಿಲು ಏರಿ ಟಯರು 20 ಡಿಗ್ರಿ ಬಿಸಿಯಾದಾಗ 85 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದದ್ದು ಸುಮಾರು 92ಕ್ಕೆ ಹೋಗುತ್ತದೆ. ಜಲ್ಲಿ ಎದ್ದ ರಸ್ತೆಯಲ್ಲಿ ಕಲ್ಲಿನಂತಾದ ಟಯರು ಪುಟಿಯುತ್ತದೆ, ಹಿಡಿತ ತಪ್ಪುತ್ತದೆ. ಬೇಸಿಗೆಯಲ್ಲಿ ಐದು ಪಿಎಸ್‌ಐ ಕಡಿಮೆ ಹೊಡೆಯುವುದು ಒಳ್ಳೆಯದು.

ಓಟ ಮತ್ತು ಅಭ್ಯಾಸ

ಮೊದಲು 25 ನಿಮಿಷ ಹಗುರವಾಗಿ ತುಳಿದು, ನಡುವೆ ಮೂರ್ನಾಲ್ಕು ಸಲ ಹತ್ತು ಹತ್ತು ಸೆಕೆಂಡು ವೇಗ ಏರಿಸಿ ಮೈ ಬಿಸಿ ಮಾಡಿಕೊಳ್ಳಿ. ಗೆರೆಗಿಂತ 300 ಮೀಟರ್ ಹಿಂದಿನಿಂದ ನಿಧಾನವಾಗಿ 33, 35ರ ವೇಗಕ್ಕೆ ಬನ್ನಿ. ಇಲ್ಲಿ ಅವಸರ ಬೇಡ. ಗೆರೆ ಇನ್ನು 50 ಮೀಟರ್ ಇದೆ ಎನ್ನುವಾಗ, ಅದಕ್ಕೂ ಒಂದು ಮರವನ್ನೋ ಕಂಬವನ್ನೋ ಗುರುತಿಟ್ಟುಕೊಂಡು, ಎದ್ದು ಪೂರ್ತಿ ಬಲ ಹಾಕಿ. ಸ್ನಾಯುವಿನಲ್ಲಿ ಕೂಡಲೇ ಸಿಗುವ ಶಕ್ತಿ ಆರರಿಂದ ಹತ್ತು ಸೆಕೆಂಡಿನಲ್ಲಿ ಬಹುಪಾಲು ಮುಗಿಯುತ್ತದೆ. ಆದ್ದರಿಂದ ಬಹಳ ಹಿಂದಿನಿಂದ ಹೊರಟರೆ ಕೊನೆಯ ನೂರು ಮೀಟರು ಕಾಲು ಕಲ್ಲಾಗುತ್ತದೆ; ಬಹಳ ತಡವಾಗಿ ಹೊರಟರೆ ಗೆರೆ ದಾಟಿದ ಮೇಲೂ ವೇಗ ಏರುತ್ತಲೇ ಇದ್ದು ಸಮಯ ಹಾಳಾಗುತ್ತದೆ. ಯಾವ ಮರದ ಹತ್ತಿರ ಏಳಬೇಕೆಂಬುದು ನಾಲ್ಕೈದು ಪ್ರಯತ್ನದಲ್ಲಿ ತಿಳಿಯುತ್ತದೆ. ಇದನ್ನು ಪುಸ್ತಕದ ಲೆಕ್ಕದಿಂದ ಕಲಿಯಲು ಬರುವುದಿಲ್ಲ.

ವಾರದಲ್ಲಿ ಎರಡು ದಿನ ಸ್ಪ್ರಿಂಟಿಗೆ ಸಾಕು, ನಡುವೆ ಕನಿಷ್ಠ ಎರಡು ದಿನ ಅಂತರವಿರಲಿ. ಒಂದು ದಿನ, ಹತ್ತು ಹನ್ನೆರಡು ಕಿ.ಮೀ. ವೇಗದಲ್ಲಿ ಹೋಗುತ್ತ 50ಕ್ಕೆ 16ರ ಗೇರಿನಲ್ಲಿ ಎಂಟು ಸೆಕೆಂಡು ಪೂರ್ತಿ ಬಲದಿಂದ ತುಳಿಯಿರಿ, ಇದು ಬಲಕ್ಕೆ. ಇನ್ನೊಂದು ದಿನ 35ರಿಂದ ಹನ್ನೆರಡು ಸೆಕೆಂಡು, 14ರ ಗೇರಿನಲ್ಲಿ, ಪೆಡಲಿನ ಸುತ್ತು 110 ದಾಟುವಂತೆ, ಇದು ವೇಗಕ್ಕೆ. ದಿನಕ್ಕೆ ನಾಲ್ಕರಿಂದ ಆರು ಸಲ ಸಾಕು. ಪ್ರತಿಯೊಂದರ ನಡುವೆ ಐದು ನಿಮಿಷ ಹಗುರ ತುಳಿತ. ಈ ಐದು ನಿಮಿಷವನ್ನು ಒಂದೂವರೆಗೆ ಇಳಿಸಿ "ಹೆಚ್ಚು ಕಷ್ಟಪಟ್ಟೆ" ಎಂದುಕೊಳ್ಳುವವರು ಸ್ಪ್ರಿಂಟಿನ ಬದಲು ಬೇರೇನನ್ನೋ ಅಭ್ಯಾಸ ಮಾಡುತ್ತಿರುತ್ತಾರೆ. ವೇಗ ಎದ್ದುಕಾಣುವಂತೆ ಇಳಿದ ಕೂಡಲೇ ಆ ದಿನದ ಕೆಲಸ ಮುಗಿಯಿತೆಂದು ಮನೆಗೆ ತಿರುಗಿ. ಮೊಣಕಾಲು ನೋಯುತ್ತಿದ್ದರೆ ದೊಡ್ಡ ಗೇರಿನ ದಿನವನ್ನು ಬಿಟ್ಟುಬಿಡಿ.

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ ಊರು ನಮ್ಮದು. ಬಿಸಿ ಗಾಳಿ ತೆಳುವಾಗಿರುವುದರಿಂದ 15 ಡಿಗ್ರಿಯ ಚಳಿಗಿಂತ 40 ಡಿಗ್ರಿಯಲ್ಲಿ ಅದರ ತಡೆ ಸುಮಾರು 8 ಶೇಕಡ ಕಡಿಮೆ, ಅದೇ ಶಕ್ತಿಗೆ ವೇಗ ಒಂದು ಕಿ.ಮೀ.ಗಿಂತ ತುಸು ಹೆಚ್ಚು. ಇದನ್ನು ಹೇಳಿದ್ದು ಡಿಸೆಂಬರಿನ ಅಂಕಿಯನ್ನು ಮೇ ತಿಂಗಳ ಅಂಕಿಯೊಂದಿಗೆ ಹಾಗೆಯೇ ಹೋಲಿಸಬಾರದೆಂಬ ಕಾರಣಕ್ಕೆ. ಮಧ್ಯಾಹ್ನ ಹೊರಡಿ ಎಂದಲ್ಲ. ಬೇಸಿಗೆಯಲ್ಲಿ ಏಳೂವರೆಗೆಲ್ಲ ಮನೆ ಸೇರಿರಬೇಕು. ಉಪ್ಪು ಹಾಕಿದ ಮಜ್ಜಿಗೆಯೋ ಜೋಳದ ಅಂಬಲಿಯೋ ಕುಡಿದರೆ ಅಂಗಡಿಯ ಬಣ್ಣದ ಪಾನೀಯಗಳ ಅಗತ್ಯ ನನಗೆಂದೂ ಕಂಡಿಲ್ಲ.

ಇನ್ನೊಬ್ಬ ಸವಾರನ ಗಾಲಿಗೆ ಅಂಟಿಕೊಂಡು ಹೋದರೆ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಶಕ್ತಿ ಉಳಿಯುತ್ತದೆ. ಗುಂಪಿನಲ್ಲಿ ಅದನ್ನು ಕಲಿಯಲೇಬೇಕು, ಆದರೆ ಅಲ್ಲಿ ಬಂದ ವೇಗವನ್ನು ವಹಿಯಲ್ಲಿ ಬೇರೆ ಪುಟಕ್ಕೆ ಬರೆಯಿರಿ. ಟ್ರ್ಯಾಕ್ಟರು, ಟೆಂಪೊಗಳ ಹಿಂದೆ ಗಾಳಿ ತಪ್ಪಿಸಿಕೊಂಡು ಓಡುವ ಹುಡುಗರನ್ನು ನೋಡಿದ್ದೇನೆ. ಮುಂದೆ ಗುಂಡಿ ಬಂದರೆ ಚಾಲಕನಿಗೆ ಕಾಣುತ್ತದೆ, ನಿಮಗೆ ಕಾಣುವುದಿಲ್ಲ.

ಅಳತೆಯನ್ನು ನಾಲ್ಕು ವಾರಕ್ಕೊಮ್ಮೆ, ಹಿಂದಿನ ದಿನ ವಿಶ್ರಾಂತಿ ಪಡೆದು, ಅದೇ ಗೆರೆಗಳ ನಡುವೆ, ಅದೇ ಹೊತ್ತಿನಲ್ಲಿ ಮಾಡಿ. ಪ್ರತಿ ಸಲ ದಿನಾಂಕ, ಹೊತ್ತು, ಬಿಸಿಲಿನ ಡಿಗ್ರಿ, ಗಾಳಿಯ ದಿಕ್ಕು, ಟಯರಿನ ಪಿಎಸ್‌ಐ, ಗೇರು, ಕೈ ಎಲ್ಲಿತ್ತು, ಎರಡೂ ಸಮಯ ಬರೆದಿಡಿ. ಆ ಡಿಗ್ರಿ ಹುಡುಗನ ಹೆಸರಿನ ಪುಟದಲ್ಲಿ, 43.9ರ ಕೆಳಗೆ, ಎಂಟು ವಾರದ ನಂತರ ಅವನದೇ ಕೈಬರಹದಲ್ಲಿರುವ ಸಾಲು ಹೀಗಿದೆ: "ಭಾನುವಾರ, ಮುಂಜಾನೆ 7. ಗಾಳಿ ಮೂಡಲದಿಂದ, ಸಣ್ಣಗೆ. 85 ಪಿಎಸ್‌ಐ. 50ಕ್ಕೆ 14. ಕೈ ಕೆಳಗೆ. ಹೋಗುವಾಗ 16.3, ಬರುವಾಗ 15.1. ಒಟ್ಟು 31.4. ವೇಗ 45.9."